ಗುಡಾಣಿಯ ಎಡ ಮುಂಗಾಲು

ಜನವರಿ ೧೧

ಅಕ್ಕನ ನಾಯಿ ಕುಂಟುತ್ತಿದೆ. ಅಕ್ಕ ಬೆಳಿಗ್ಗೆ ಗಾಬರಿಯಿಂದ ಹೇಳಿದಳು. ನಾನು ನಿನ್ನೆ ಸಂಜೆಯೇ ನೋಡಿದ್ದೆ. ಕಾಲನ್ನಲ್ಲ, ತಲೆಯನ್ನು. ಮುಂಗಾಲು ನೋಯುತ್ತಿದ್ದರೆ ಆ ಕಾಲು ಊರಿದಾಗ ನಾಯಿಯ ತಲೆ ಮೇಲೇಳುತ್ತದೆ, ಒಳ್ಳೆಯ ಕಾಲು ಊರಿದಾಗ ಇಳಿಯುತ್ತದೆ. ಇದು ಎಡ ಮುಂಗಾಲಿಗೆ ತಲೆ ಎತ್ತುತ್ತಿತ್ತು. ಆಯುಷ್ಯವೆಲ್ಲ ಕೃತಕ ಕಾಲು ಮಾಡಿಕೊಂಡು ಬಂದವನಿಗೆ ಇಷ್ಟೂ ತಿಳಿಯದಿದ್ದರೆ ಅಂಗಡಿ ಮುಚ್ಚಬೇಕು. ನನಗೆ ಜನರ ಮುಖ ನೆನಪಿರುವುದಿಲ್ಲ, ನಡಿಗೆ ನೆನಪಿರುತ್ತದೆ.

“ಉಳುಕಿರತ್ತೆ, ಬಿಡು,” ಎಂದೆ.

“ನೀನು ಮರದ ಕಾಲಿನ ಡಾಕ್ಟ್ರು, ನಾಯಿ ಡಾಕ್ಟ್ರಲ್ಲ,” ಎಂದಳು.

ಮರದ ಕಾಲು ಹೋಗಿ ಯಾವ ಕಾಲವಾಯಿತು. ಈಗ ಎಲ್ಲ ಪ್ಲಾಸ್ಟಿಕ್ಕು, ಅಲ್ಯೂಮಿನಿಯಂ. ಅವಳಿಗೆ ಇದನ್ನು ಹೇಳಿ ಹೇಳಿ ನಾಲಗೆ ಸವೆದಿದೆ.

ನಾಯಿಯ ಹೆಸರು ಗುಡಾಣಿ. ಮರಿಯಾಗಿದ್ದಾಗ ಗುಡಾಣದ ಹಾಗೆ ಗುಂಡಗಿತ್ತೆಂದು ಅಕ್ಕ ಇಟ್ಟ ಹೆಸರು. ಅವಳು ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತಳಾದಾಗ ಜೊತೆಯವರು ಹೂವಿನ ಹಾರದ ಬದಲು ಇದನ್ನು ಕೊಟ್ಟು ಕಳಿಸಿದ್ದರು. ಈಗ ನನ್ನ ಸೊಂಟದ ಹತ್ತಿರಕ್ಕೆ ಬರುತ್ತದೆ. ಮುಂದಿನ ಕೋಣೆ ನನ್ನ ವರ್ಕ್‌ಶಾಪು, ಹಿಂದಿನದು ನಾವಿಬ್ಬರೂ ಇರುವ ಮನೆ. ನಡುವಿನ ಬಾಗಿಲನ್ನು ಎಷ್ಟು ಭದ್ರವಾಗಿ ಹಾಕಿದರೂ ನಾಯಿಯ ಕೂದಲು ನನ್ನ ಪ್ಲಾಸ್ಟರಿಗೆ ಬಂದು ಸೇರುತ್ತದೆ. ಯಾರದೋ ಕಾಲಿನ ಅಚ್ಚು ಬಿಡಿಸಿದರೆ ಅದರೊಳಗೆ ಕಂದು ಕೂದಲು. ಅದಕ್ಕೂ ನನಗೂ ಅಷ್ಟಕ್ಕಷ್ಟೆ.

ಜನವರಿ ೨೩

ಉಳುಕು ಇಳಿಯುತ್ತಿಲ್ಲ. ನಾಯಿಗೆಂದೇ ಕೊಡುವ ನೋವಿನ ಮಾತ್ರೆ ಹಾಕಿದರೆ ಸ್ವಲ್ಪ ವಾಸಿ, ಬಿಟ್ಟರೆ ಮತ್ತೆ ಅದೇ ರಾಗ, ಅದೇ ಹಾಡು. ಮಣಿಕಟ್ಟಿನ ಮೇಲೆ ಒಂದು ಊತ ಬಂದಿದೆ. ನನಗೆ ಆ ಊತ ಹಿಡಿಸಲಿಲ್ಲ. ಉಳುಕಿನ ಊತ ಮೆತ್ತಗಿರುತ್ತದೆ, ಇದು ಗಟ್ಟಿ. ಅಕ್ಕನಿಗೆ ಹೇಳಿಲ್ಲ.

ಇವತ್ತು ದರ್ಜಿ ಬಂದಿದ್ದ. ಬಸ್ಸಿನ ಚಕ್ರಕ್ಕೆ ಸಿಕ್ಕಿ ಬಲಗಾಲನ್ನು ತೊಡೆಯ ನಡುವಿನಿಂದ ಕಳೆದುಕೊಂಡವನು. ಅವನಿಗೆ ನಾನು ಮಾಡಿಕೊಟ್ಟ ಕಾಲು ನನ್ನ ಕೈಯಿಂದ ಹೋದ ಒಳ್ಳೆಯ ಕೆಲಸಗಳಲ್ಲಿ ಒಂದು. ಬಂದದ್ದು ಊರುಗೋಲಿನ ಮೇಲೆ, ಟಕಟಕ ಹಾರಿಕೊಂಡು.

“ಕಾಲೆಲ್ಲಿ?” ಎಂದೆ.

“ಮನೇಲಿದೆ ಸಾರ್. ಬೀರೂನಲ್ಲಿ. ಆರಾಮಾಗಿದೆ.”

“ಬೀರೂನಲ್ಲಿ ಇಡೋಕೆ ಮಾಡಿದ್ನಾ ನಾನು?”

“ಏನ್ ಮಾಡ್ಲಿ ಸಾರ್, ಮೂಗಿಗಿಂತ ಮೂಗುತಿ ಭಾರ. ಮೆಷಿನ್ ತುಳಿಯೋಕೆ ಒಂದು ಕಾಲು ಸಾಕು. ಅಂಗಡಿಯಿಂದ ಮನೆಗೆ ಎರಡು ಹೆಜ್ಜೆ.”

ನನ್ನ ಹತ್ತಿರ ಈ ಆಟ ನಡೆಯುವುದಿಲ್ಲ. ಅವನ ಅಳತೆಗೇ ಮೊದಲು ಮಾಡಿಟ್ಟಿದ್ದ ಹಳೆಯದೊಂದು ಕಾಲು ಕಟ್ಟಿ ಅವನನ್ನು ಜೋಡಿ ಕಂಬಿಗಳ ನಡುವೆ, ದೊಡ್ಡ ಕನ್ನಡಿಯ ಮುಂದೆ ನಿಲ್ಲಿಸಿದೆ. ಎಲ್ಲರನ್ನೂ ಅಲ್ಲೇ ನಿಲ್ಲಿಸುವುದು. ಹೋದದ್ದು ತುಂಬಿತು ಎಂದು ಅವರೇ ಕಣ್ಣಾರೆ ನೋಡಬೇಕು. “ನೋಡು, ಯಾರು ಕಾಣ್ತಾ ಇದಾರೆ?” ಎಂದೆ. ಅವನು ಕನ್ನಡಿಯಲ್ಲಿ ಬಹಳ ಹೊತ್ತು ನೋಡಿ, “ಕಾಲರ್ ಚೆನ್ನಾಗಿ ಕೂತಿದೆ ಸಾರ್, ನಾನೇ ಹೊಲ್ದಿದ್ದು,” ಎಂದ. ಇಂಥವರಿಗೆ ಏನು ಹೇಳುವುದು.

ಜನವರಿ ೨೭

ಪ್ರಾಣಿಗಳ ಆಸ್ಪತ್ರೆಗೆ ಹೋದೆವು. ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಸಣ್ಣ ದನಿ, ಕೂದಲನ್ನು ಪೆನ್ನಿನಿಂದ ಸಿಕ್ಕಿಸಿಕೊಂಡಿದ್ದಳು. ಊತದ ಮೇಲೆ ಬೆರಳಿಟ್ಟ ಕೂಡಲೇ ಗುಡಾಣಿ ಗುರ್ ಎಂದಿತು. ಹುಟ್ಟಿದಾಗಿನಿಂದ ಯಾರ ಮೇಲೂ ಗುರ್ ಎಂದದ್ದಿಲ್ಲ. ಅಕ್ಕ ಅದರ ಪರವಾಗಿ ಕ್ಷಮೆ ಕೇಳಿದಳು. “ಅವಳು ನನಗೆ ಜಾಗ ತೋರಿಸ್ತಾ ಇದಾಳೆ, ಅಷ್ಟೆ,” ಎಂದಳು ಡಾಕ್ಟರ್.

ಎಕ್ಸ್-ರೇ ತೆಗೆದಳು. ನಾನು ನೋಡಲು ಒಳಗೆ ಹೋದೆ. ಮೂಳೆಯ ಚಿತ್ರ ನನಗೆ ಹೊಸದಲ್ಲ, ದಿನ ಬೆಳಗಾದರೆ ನೋಡುತ್ತೇನೆ. ಆದರೆ ಇಂಥದ್ದನ್ನು ನೋಡಿರಲಿಲ್ಲ. ಮೂಳೆಯ ಅಂಚು ಪೆನ್ಸಿಲಿನಲ್ಲಿ ಗೆರೆ ಎಳೆದ ಹಾಗಿರಬೇಕು. ಇಲ್ಲಿ ಗೆರೆಯೇ ಇಲ್ಲ. ಒಳಗೆಲ್ಲ ಹುಳ ತಿಂದ ಬಟ್ಟೆಯಂತೆ ತೂತು. ಹೊರಗೆ, ಅದೇ ಜಾಗದಲ್ಲಿ, ಮಕ್ಕಳು ಸೂರ್ಯ ಬರೆದು ಸುತ್ತ ಕಿರಣ ಎಳೆದ ಹಾಗೆ ಹೊಸ ಮೂಳೆ ಚಿಮ್ಮಿ ನಿಂತಿದೆ. ತಿನ್ನುವುದೂ ಕಟ್ಟುವುದೂ ಒಟ್ಟಿಗೆ.

“ಇದೇನಿದು?” ಎಂದೆ.

“ಮೂಳೆ ಕಟ್ಟೋ ಜೀವಕೋಶಗಳೇ ಸಾರ್. ಬೇರೆ ಯಾವುದೋ ಹೊರಗಿಂದ ಬಂದಿದ್ದಲ್ಲ. ಅವಕ್ಕೆ ಎಲ್ಲಿ ನಿಲ್ಲಿಸಬೇಕು ಅನ್ನೋದು ಮರೆತುಹೋಗಿದೆ. ಕಟ್ತಾನೇ ಇವೆ.” ಆಮೇಲೆ ಅಕ್ಕನ ಕಡೆ ತಿರುಗಿ, “ಅಮ್ಮಾ, ಇದು ಕ್ಯಾನ್ಸರ್ ಇರಬಹುದು ಅಂತ ನನಗೆ ಅನುಮಾನ. ಸೂಜಿ ಹಾಕಿ ಸ್ವಲ್ಪ ತೆಗೆದು ಪರೀಕ್ಷೆಗೆ ಕಳಿಸ್ತೀನಿ. ಅಲ್ಲಿವರೆಗೂ ಮೆಟ್ಟಿಲು ಹತ್ತಿಸಬೇಡಿ, ಹಾರೋಕೆ ಬಿಡಬೇಡಿ. ಈ ಮೂಳೆ ಈಗ ಸೀಮೆಸುಣ್ಣದ ಕಡ್ಡಿ ಇದ್ದ ಹಾಗೆ,” ಎಂದಳು.

ಅಕ್ಕ ದಾರಿಯುದ್ದಕ್ಕೂ ಮಾತಾಡಲಿಲ್ಲ. ನಲವತ್ತು ವರ್ಷ ಊರಿನವರ ಮಾತನ್ನೆಲ್ಲ ಜೋಡಿಸಿದವಳು. ನನಗೆ ಆ ಚಿತ್ರ ಕಣ್ಣಿನಿಂದ ಹೋಗುತ್ತಿಲ್ಲ. ಹೀಗೆ ಬರೆಯುವುದು ತಪ್ಪೋ ಏನೋ, ಅದು ಭಯಂಕರವಾಗಿತ್ತು, ಚೆಂದವೂ ಆಗಿತ್ತು.

ಫೆಬ್ರವರಿ ೩

ಅದೇ. ಮೂಳೆಯ ಕ್ಯಾನ್ಸರ್. ಎದೆಯ ಚಿತ್ರವನ್ನೂ ತೆಗೆದರು, ಶ್ವಾಸಕೋಶದಲ್ಲಿ ಏನೂ ಕಾಣುತ್ತಿಲ್ಲ. “ಕಾಣ್ತಿಲ್ಲ ಅಂದ್ರೆ ಇಲ್ಲ ಅಂತಲ್ಲ,” ಎಂದಳು ಡಾಕ್ಟರ್. ಈ ಹುಡುಗಿ ಸುಳ್ಳು ಹೇಳುವುದಿಲ್ಲ, ಅದೊಂದು ಉಪದ್ರವ. ಕಾಲು ತೆಗೆದರೆ ನೋವು ಹೋಗುತ್ತದೆ. ಆಮೇಲೆ ಕೀಮೋ ಕೊಟ್ಟರೆ ಕೆಲವು ನಾಯಿಗಳು ವರ್ಷದವರೆಗೆ ಚೆನ್ನಾಗಿರುತ್ತವೆ, ಅದೃಷ್ಟವಿದ್ದವು ಇನ್ನೂ ಹೆಚ್ಚು. ತೆಗೆಯದಿದ್ದರೆ ನೋವು ತಡೆಯಲಾಗದ ದಿನ ಬೇಗ ಬರುತ್ತದೆ.

“ತೆಗೀರಿ,” ಎಂದಳು ಅಕ್ಕ. ಯೋಚನೆಯನ್ನೇ ಮಾಡಲಿಲ್ಲ.

“ಎಲ್ಲಿಂದ?” ಎಂದೆ ನಾನು.

ಡಾಕ್ಟರ್ ಗುಡಾಣಿಯ ಬೆನ್ನಿನ ಹತ್ತಿರ, ಭುಜದ ಹಲಗೆಯ ಮೇಲೆ ಅಂಗೈ ಇಟ್ಟಳು. “ಇಲ್ಲಿಂದ. ಹಲಗೆ ಸಮೇತ.”

ನನಗೆ ಮೈ ಉರಿದುಹೋಯಿತು. ನಮ್ಮ ಕಸುಬಿನಲ್ಲಿ ಉಳಿದ ತುಂಡಿಗೆ ಮೋಟು ಎನ್ನುತ್ತೇವೆ. ಮೋಟು ಇದ್ದರೆ ಕಾಲುಂಟು, ಇಲ್ಲದಿದ್ದರೆ ಇಲ್ಲ. ಬೇಕಾದ್ದಕ್ಕಿಂತ ಒಂದು ಬೆರಳು ಮೇಲಕ್ಕೆ ಕತ್ತರಿಸಿದ ಸರ್ಜನ್‌ಗಳ ಹೆಸರೆಲ್ಲ ನನ್ನ ಬಾಯಲ್ಲಿದೆ, ಒಳ್ಳೆಯ ಮಾತಿಗಲ್ಲ.

“ಗಡ್ಡೆ ಇರೋದು ಮಣಿಕಟ್ಟಿನ ಹತ್ರ. ಮೊಣಕೈ ಕೆಳಗೆ ಕತ್ತರಿಸಿ. ನನಗೊಂದು ಮೋಟು ಬಿಡಿ, ಕಾಲು ನಾನು ಮಾಡ್ತೀನಿ.”

“ಸಾರ್, ನೀವು ಮನುಷ್ಯರ ಲೆಕ್ಕದಲ್ಲಿ ಹೇಳ್ತಿದೀರಿ. ಅರ್ಧ ಬಿಟ್ರೆ ಅವಳು ಅದನ್ನ ಊರೋಕೆ ಹೋಗಿ ಗಾಯ ಮಾಡ್ಕೊತಾಳೆ. ಗಡ್ಡೆ ಮೂಳೆ ಒಳಗೇ ಎಷ್ಟು ಮೇಲೆ ಹೋಗಿದೆ ಅಂತ ನಂಗೆ ಪೂರ್ತಿ ಗೊತ್ತಿಲ್ಲ. ಆ ರಿಸ್ಕ್ ನಾನು ತಗೊಳ್ಳಲ್ಲ.”

“ನಾನು ಕಾಲು ಮಾಡಿ ತಂದು ತೋರಿಸ್ತೀನಿ. ನೋಡಿ ಆಮೇಲೆ ಹೇಳಿ.”

ಅವಳು ಅಕ್ಕನನ್ನು ನೋಡಿದಳು. ಅಕ್ಕ ನಿಟ್ಟುಸಿರು ಬಿಟ್ಟಳು. “ಅವನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋದು ನಂಗೆ ಚಿಕ್ಕಂದಿನಿಂದ ಗೊತ್ತು, ಡಾಕ್ಟ್ರೇ. ನಾಲ್ಕೇ ಅಂತ ಹಠ ಮಾಡ್ತಿರೋದು ಇದೇ ಮೊದಲು.”

ಆಪರೇಷನ್ ಬರುವ ಸೋಮವಾರಕ್ಕೆ ಎಂದು ನಿಗದಿಯಾಯಿತು. ಹೊರಡುವಾಗ ಡಾಕ್ಟರ್ ಒಂದು ಮಾತು ಹೇಳಿದಳು. ನಾಯಿಗೆ ಕೊರಳೆಲುಬು ಇಲ್ಲವಂತೆ. ಮುಂಗಾಲು ಮೈಗೆ ಅಂಟಿಕೊಂಡಿರುವುದು ಬರೀ ಮಾಂಸಖಂಡದಿಂದ, ಮೂಳೆಗೆ ಮೂಳೆ ಎಲ್ಲೂ ಕೂಡಿಲ್ಲ. ನಾನು ನಂಬಲಿಲ್ಲ. ಮನೆಗೆ ಬಂದು ಗುಡಾಣಿಯನ್ನು ಮಲಗಿಸಿ ಬೆರಳಾಡಿಸಿ ನೋಡಿದೆ. ನಿಜ. ಹಲಗೆ ಚರ್ಮದಡಿಯಲ್ಲಿ ಅತ್ತಿತ್ತ ಜಾರುತ್ತದೆ, ಎಲ್ಲೂ ಸಿಕ್ಕಿಕೊಂಡಿಲ್ಲ. ಇಷ್ಟು ದೊಡ್ಡ ಎದೆ, ತಲೆ, ಎಲ್ಲವೂ ಎರಡು ಮಾಂಸದ ತೊಟ್ಟಿಲಲ್ಲಿ ತೂಗುತ್ತಿದೆ. ಅದರ ಮೇಲೆಯೇ ಇದು ಓಡಿದ್ದು, ಹಾರಿದ್ದು, ಪೋಸ್ಟ್‌ಮ್ಯಾನನ್ನು ಅಟ್ಟಿಸಿಕೊಂಡು ಹೋದದ್ದು. ಮೂಳೆಯ ವಿಷಯ ನನಗೆ ಗೊತ್ತೆಂದುಕೊಂಡಿದ್ದೆ. ಬಹಳ ಹೊತ್ತು ಕೈ ತೆಗೆಯಲಿಲ್ಲ. ಅದು ನಿದ್ದೆ ಹೋಯಿತು.

ಫೆಬ್ರವರಿ ೬

ಚಿತ್ರ ಬರೆದಾಯಿತು. ಮೊಣಕೈಗೆ ಬಟ್ಟಲಿನ ಹಾಗೆ ಹಿಡಿಯುವ ಸಾಕೆಟ್, ಕೆಳಗೆ ಹಗುರವಾದ ಕೊಳವೆ, ತುದಿಗೆ ರಬ್ಬರಿನ ಪಾದ. ಭುಜಕ್ಕೆ ಪಟ್ಟಿ. ಇಂಥ ಸಣ್ಣ ಕೆಲಸ, ಇಷ್ಟು ಚೆಂದದ ಕೆಲಸ ಮಾಡಿ ಎಷ್ಟೋ ದಿನವಾಗಿತ್ತು.

“ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿಸಿದ್ರಂತೆ,” ಎಂದು ಅಕ್ಕ ಒಲೆಯ ಹತ್ತಿರದಿಂದಲೇ ಹೇಳಿದಳು. ಹೇಳಲಿ. ಮುಖದಲ್ಲಿ ಸ್ವಲ್ಪ ಆಸೆಯಿತ್ತು, ನಾನು ನೋಡಿದೆ. ನಾಳೆ ಅಚ್ಚು ತೆಗೆಯುತ್ತೇನೆ.

ಫೆಬ್ರವರಿ ೭

ಮುರಿಯಿತು. ನನ್ನ ಕೈಯಲ್ಲೇ ಮುರಿಯಿತು.

ಫೆಬ್ರವರಿ ೧೦

ಬರೆದುಬಿಡಬೇಕು, ಇಲ್ಲದಿದ್ದರೆ ತಲೆಯಲ್ಲಿ ಸುತ್ತುತ್ತಲೇ ಇರುತ್ತದೆ.

ಅಚ್ಚು ತೆಗೆಯುವಾಗ ನಾವು ಕಾಲಿನ ಮೇಲೆ ಭಾರ ಹಾಕಿಸುತ್ತೇವೆ. ಭಾರವಿಲ್ಲದ ಕಾಲಿನ ಅಚ್ಚು ಸುಳ್ಳು ಅಚ್ಚು, ಮೊದಲ ದಿನ ನನಗೆ ಕಲಿಸಿದ ಪಾಠವೇ ಅದು. ಅಕ್ಕ ತಲೆ ಹಿಡಿದುಕೊಂಡು ಬಿಸ್ಕತ್ತು ಕೊಡುತ್ತಿದ್ದಳು. ನಾನು ಒದ್ದೆ ಪ್ಲಾಸ್ಟರಿನ ಪಟ್ಟಿ ಸುತ್ತಿದೆ. ಗುಡಾಣಿ ಆ ಕಾಲನ್ನು ಎತ್ತಿಕೊಂಡೇ ನಿಂತಿತ್ತು. ನಾನು ಭುಜದ ಮೇಲೆ ಕೈಯಿಟ್ಟು, ಎಲ್ಲರಿಗೂ ಹೇಳುವಂತೆ ಹೇಳಿದೆ, “ಭಾರ ಹಾಕಮ್ಮ, ಭಯಪಡಬೇಡ.” ಹೇಳಿ ಒತ್ತಿದೆ. ಡಾಕ್ಟರ್ ಹಾರಿಸಬೇಡಿ ಎಂದಿದ್ದಳು. ನಿಲ್ಲಿಸಬೇಡಿ ಎಂದಿರಲಿಲ್ಲ. ನನ್ನ ಬುದ್ಧಿ ಅಷ್ಟಕ್ಕೇ ನಿಂತಿತ್ತು.

ಸದ್ದು ಕೇಳುವ ಮೊದಲೇ ಅಂಗೈಗೆ ಗೊತ್ತಾಯಿತು. ಅದು ಕೂಗಿದ ಕೂಗನ್ನು ಬರೆಯುವುದಿಲ್ಲ.

ಅಕ್ಕ ಟ್ಯಾಕ್ಸಿಯಲ್ಲಿ ಅದರ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಆಸ್ಪತ್ರೆಯ ಬಾಗಿಲಲ್ಲಿ ನಾನು ಏನೋ ಹೇಳಲು ಹೋದೆ, ಪ್ಲಾಸ್ಟರ್ ಅಂಟಿದ ಕೈಯನ್ನು ಡಾಕ್ಟರ್‌ಗೆ ತೋರಿಸಿದೆ. ಅವಳಿಗೆ ಎಲ್ಲ ಅರ್ಥವಾಯಿತು. “ಆಮೇಲೆ ಸಾರ್. ಈಗ ಎತ್ತೋಕೆ ಕೈ ಕೊಡಿ,” ಎಂದಳು. ಅದೇ ಮಧ್ಯಾಹ್ನ ಆಪರೇಷನ್ ಆಯಿತು. ಭುಜದ ಹಲಗೆ ಸಮೇತ. ನಾನು ಮೋಟಿನ ಮಾತೆತ್ತಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ನೋಡಲು ಬರಹೇಳಿದ್ದರು. ನಾನು ವರ್ಕ್‌ಶಾಪಿನಿಂದ ಸೊಂಟದ ಪಟ್ಟಿ, ಎದೆಯ ಪಟ್ಟಿ, ಮೆತ್ತೆ ಎಲ್ಲ ಹೊತ್ತುಕೊಂಡು ಹೋಗಿದ್ದೆ. ಕಾಲು ಕಳೆದುಕೊಂಡ ಮನುಷ್ಯ ಎದ್ದು ಕೂರಲು ದಿನಗಳು ಬೇಕು. ಹೊದಿಕೆ ಸರಿಸಿ ಆ ಖಾಲಿ ಜಾಗವನ್ನು ನೋಡಲು ಇನ್ನೂ ಹೆಚ್ಚು. ಗೋಡೆಗೆ ಮುಖ ಮಾಡಿ ಮಲಗಿದವರನ್ನು ಮಾತಾಡಿಸಿ ಮಾತಾಡಿಸಿ ತಿರುಗಿಸಿದವನು ನಾನು. ಪಂಜರದ ಬಾಗಿಲು ತೆಗೆದರು. ಗುಡಾಣಿ ಅಕ್ಕನನ್ನು ನೋಡಿ ಬಾಲ ಬಡಿಯಿತು. ಏಳಲು ಹೋಯಿತು, ಎಡಕ್ಕೆ ವಾಲಿ ಬಿತ್ತು. ನಾನು ಪಟ್ಟಿ ಬಿಚ್ಚಿಕೊಳ್ಳುತ್ತ ಮುಂದೆ ಹೋದೆ.

“ಇರಿ ಸಾರ್,” ಎಂದಳು ಡಾಕ್ಟರ್.

ಎರಡನೇ ಸಲ ಎದ್ದಿತು. ಒಂದೇ ಮುಂಗಾಲನ್ನು ಎದೆಯ ನಡುವಿಗೆ ತಂದು ಊರಿತು. ಯಾರು ಹೇಳಿಕೊಟ್ಟರು ಇದಕ್ಕೆ, ನಡುವಿಗೆ ತರಬೇಕೆಂದು? ತಲೆ ಕೆಳಗೆ ಮಾಡಿ, ಮುಂದಕ್ಕೆ ಚಿಮ್ಮಿ, ನನ್ನನ್ನೂ ನನ್ನ ಪಟ್ಟಿಗಳನ್ನೂ ದಾಟಿಕೊಂಡು ಹೊರಗಿನ ಅಂಗಳಕ್ಕೆ ಹೋಯಿತು. ಉಚ್ಚೆ ಹೊಯ್ಯಿತು. ಗೋಡೆಯ ಬುಡವನ್ನು ಮೂಸಿತು, ಬೇರೆ ನಾಯಿಯ ಸುದ್ದಿ ಏನಾದರೂ ಇದೆಯೇ ಎಂದು. ಮೈಯ ಕಾಲು ಭಾಗ ಹೋಗಿದೆ, ಹೊಲಿಗೆ ಹಸಿಯಾಗಿದೆ, ಇದಕ್ಕೆ ಗೋಡೆಯ ಸುದ್ದಿ ಬೇಕು.

ನನ್ನ ಕಣ್ಣಲ್ಲಿ ನೀರು ಬಂತು. ದುಃಖಕ್ಕಲ್ಲ. ಇಷ್ಟು ವರ್ಷ ನಾನು ನೋಡಿದ್ದೇನು, ಮಾಡಿದ್ದೇನು ಎಂದು ಒಂದು ಕ್ಷಣ ಏನೂ ತಿಳಿಯಲಿಲ್ಲ.

ಫೆಬ್ರವರಿ ೧೪

ಮನೆಗೆ ಬಂದಿದೆ. ಅಕ್ಕನ ಮಂಚದ ಪಕ್ಕದಲ್ಲಿ ಹಾಸಿಗೆ. ಊಟ ಚೆನ್ನಾಗಿ ಮಾಡುತ್ತಿದೆ.

ನಾನು ಹತ್ತಿರ ಹೋದರೆ ಎದ್ದು ಅಕ್ಕನ ಹಿಂದೆ ಹೋಗಿ ನಿಲ್ಲುತ್ತದೆ. ಕಚ್ಚಲು ಬರುವುದಿಲ್ಲ, ಗುರ್ ಎನ್ನುವುದೂ ಇಲ್ಲ. ಎದ್ದು ಹೋಗುತ್ತದೆ ಅಷ್ಟೆ. ಅಡುಗೆಮನೆಗೆ ಹೋಗಲು ನನ್ನ ಕುರ್ಚಿಯ ಪಕ್ಕದಿಂದ ನೇರ ದಾರಿಯಿದೆ, ಅದು ಮೇಜನ್ನು ಪೂರ್ತಿ ಸುತ್ತಿಕೊಂಡು, ಮೂರು ಕಾಲಿನಲ್ಲಿ, ಸುತ್ತುದಾರಿ ಹಿಡಿಯುತ್ತದೆ.

“ಪ್ಲಾಸ್ಟರ್ ವಾಸನೆ ಕಣೋ ನಿನ್ನ ಕೈಗೆ,” ಎಂದಳು ಅಕ್ಕ. ಆ ದಿನದ ಬಗ್ಗೆ ಅವಳು ಆಡಿದ್ದು ಇದೊಂದೇ ಮಾತು. ಬೈದಿದ್ದರೆ ಹಗುರಾಗುತ್ತಿತ್ತು.

ಫೆಬ್ರವರಿ ೧೯

ಗುಡಾಣಿ ನಿದ್ದೆಯಲ್ಲಿ ಬೆಚ್ಚಿ ಎದ್ದು, ಕಾಲು ಇದ್ದ ಜಾಗದ ಗಾಳಿಯನ್ನು ನೆಕ್ಕಿತು. ನಾನು ಎದುರಿಗೇ ಕೂತಿದ್ದೆ. ಅದೇ ಜಾಗ, ಮಣಿಕಟ್ಟು ಇರಬೇಕಾದ ಎತ್ತರ. ನನ್ನ ಹತ್ತಿರ ಬರುವವರೆಲ್ಲ ಹೇಳುತ್ತಾರೆ, ಇಲ್ಲದ ಹೆಬ್ಬೆರಳು ತುರಿಸುತ್ತದೆ, ಇಲ್ಲದ ಹಿಮ್ಮಡಿ ಉರಿಯುತ್ತದೆ ಎಂದು. ನಾನು ತಲೆಯಾಡಿಸಿ, ಕಾಲು ಕಟ್ಟಿಕೊಂಡರೆ ಸರಿಹೋಗುತ್ತದೆ ಎನ್ನುತ್ತಿದ್ದೆ. ಡಾಕ್ಟರ್‌ಗೆ ಫೋನ್ ಮಾಡಿದೆ. “ಇರಬಹುದು ಸಾರ್. ಅವಳು ಹೇಳಲ್ಲ, ನಾವೇ ತಿಳ್ಕೋಬೇಕು. ಅದಕ್ಕೂ ಮಾತ್ರೆ ಇದೆ,” ಎಂದಳು. ಮಾತ್ರೆ ತಂದೆ. ಅಕ್ಕನ ಕೈಯಲ್ಲಿ ಕೊಡಿಸಿದೆ.

ಫೆಬ್ರವರಿ ೨೧

ಹೊಲಿಗೆ ನೆಕ್ಕದಿರಲು ಕೊಟ್ಟ ಪ್ಲಾಸ್ಟಿಕ್ ಕೊರಳಪಟ್ಟಿ ಬಾಗಿಲು ಬಾಗಿಲಿಗೂ ತಾಗಿ ಅದು ಬೀಳುತ್ತಿತ್ತು. ದರ್ಜಿಗೆ ಹೇಳಿದೆ. ಅವನು ಅಳತೆ ಟೇಪು ಕೊರಳಿಗೆ ಹಾಕಿಕೊಂಡು ಹಾರುತ್ತ ಬಂದ. ಒಂದು ಕಾಲಿನ ದರ್ಜಿ, ಮೂರು ಕಾಲಿನ ಗಿರಾಕಿ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

“ನೀವೂ ಬೀರೂನಲ್ಲಿ ಇಟ್ಟು ಬಂದ್ರಾ ತಾಯಿ?” ಎಂದ.

ಅಕ್ಕ ಎಷ್ಟೋ ದಿನದ ಮೇಲೆ ನಕ್ಕಳು. ನಾನೂ ನಕ್ಕೆ. ಅವನು ಮೆತ್ತನೆಯ ಬನಿಯನ್ ಬಟ್ಟೆಯಲ್ಲಿ ಒಂದು ತೋಳಿನ ಅಂಗಿ ಹೊಲಿದು ತಂದ. ಎಡಗಡೆ ತೋಳನ್ನು ಮಡಿಸಿ ಮುಚ್ಚಿರಲಿಲ್ಲ, ಪಿನ್ನು ಹಾಕಿರಲಿಲ್ಲ. ತೋಳೇ ಇಲ್ಲದ ಹಾಗೆ, ಅಲ್ಲಿ ಎಂದೂ ತೋಳು ಬೇಕಿರಲಿಲ್ಲವೆಂಬ ಹಾಗೆ ಹೊಲಿದಿದ್ದ. ಅಂಥ ಹೊಲಿಗೆ ಕೆಲಸ ನಾನು ನೋಡಿಲ್ಲ.

ಹೊರಡುವಾಗ ಅವನ ಊರುಗೋಲಿನ ರಬ್ಬರು ಸವೆದದ್ದು ಕಣ್ಣಿಗೆ ಬಿತ್ತು. ಬದಲಾಯಿಸಿ, ಹಿಡಿಗೆ ಚರ್ಮ ಸುತ್ತಿಕೊಟ್ಟೆ. ಕಾಲಿನ ಮಾತು ಬರಲಿಲ್ಲ. ಮರೆತೆನೋ ಏನೋ.

ಮಾರ್ಚ್ ೨

ಮೊದಲ ಕೀಮೋ. ನಾನು ಏನೇನೋ ಊಹಿಸಿಕೊಂಡು ಹೋಗಿದ್ದೆ. ಒಂದು ಕೋಣೆ, ನೆಲದ ಮೇಲೆ ಕಂಬಳಿ, ಬಲಗಾಲಿಗೆ ಸಣ್ಣ ಸೂಜಿ, ಮೇಲೆ ತೂಗುವ ಬಾಟಲಿ. ಡಾಕ್ಟರ್ ಎರಡೆರಡು ಕೈಗವಸು ಹಾಕಿಕೊಂಡಿದ್ದಳು. ಅಷ್ಟು ಖಾರವಾದ ಔಷಧ, ನಮ್ಮ ಚರ್ಮಕ್ಕೆ ತಾಕಬಾರದು. ಅದು ಗುಡಾಣಿಯ ರಕ್ತಕ್ಕೆ ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು. ಗುಡಾಣಿ ಅಕ್ಕನ ತೊಡೆಯ ಮೇಲೆ ಗಲ್ಲವಿಟ್ಟು ಗೊರಕೆ ಹೊಡೆಯಿತು.

“ಇದು ಎಲ್ಲಿಗೆ ಹೋಗಿ ಏನು ಹುಡುಕತ್ತೆ?” ಎಂದೆ.

“ಎಲ್ಲಾ ಕಡೆ ಹೋಗತ್ತೆ ಸಾರ್. ನಾವು ಕಾಣದೇ ಇರೋದನ್ನ ಹುಡುಕತ್ತೆ. ಬೇಗ ಬೇಗ ಬೆಳೆಯೋದನ್ನೆಲ್ಲ ಹೊಡೆಯತ್ತೆ. ಅದಕ್ಕೇ ಒಳ್ಳೇದಕ್ಕೂ ಸ್ವಲ್ಪ ಏಟು ಬೀಳತ್ತೆ. ಮತ್ತೆ ಮೂರು ವಾರ ಬಿಟ್ಟು ಬನ್ನಿ. ಅಷ್ಟರಲ್ಲಿ ಒಳ್ಳೇದು ಚೇತರಿಸ್ಕೊಂಡಿರತ್ತೆ, ಕೆಟ್ಟದ್ದು ಚೇತರಿಸ್ಕೊಂಡಿರಬಾರದು. ಅಷ್ಟೇ ಇದರ ಉಪಾಯ.”

ಎಂಥ ಧೈರ್ಯದ ಉಪಾಯ. ಕತ್ತಲಲ್ಲಿ ಬಾಣ ಬಿಟ್ಟ ಹಾಗೆ ಕಾಣುತ್ತದೆ, ಆದರೆ ಅಲ್ಲ. ಯಾರೋ ಕೂತು ಎರಡು ಬಗೆಯ ಜೀವಕೋಶ ಎಷ್ಟೆಷ್ಟು ಹೊತ್ತಿಗೆ ಚೇತರಿಸಿಕೊಳ್ಳುತ್ತದೆಂದು ಕಂಡುಹಿಡಿದು, ಆ ನಡುವಿನ ಸಂದಿಯಲ್ಲಿ ಒಂದು ನಾಯಿಗೆ ಜಾಗ ಮಾಡಿಕೊಟ್ಟಿದ್ದಾರೆ. ಅವರು ಯಾರೆಂದು ನನಗೆ ಗೊತ್ತಿಲ್ಲ. ನನ್ನ ನಮಸ್ಕಾರ.

ಮಾರ್ಚ್ ೫

ವಾಂತಿ. ಎರಡು ದಿನ ಏನೂ ತಿನ್ನಲಿಲ್ಲ. ಅಕ್ಕ ಸಪ್ಪೆ ಗಂಜಿ ಹಿಡಿದುಕೊಂಡು ಹಿಂದೆ ಮುಂದೆ ತಿರುಗಿದಳು. ಇವತ್ತು ಬೆಳಿಗ್ಗೆ ಗುಡಾಣಿ ನನ್ನ ಎಡಗಾಲಿನ ಚಪ್ಪಲಿ ಕಚ್ಚಿ ಹಾಕಿದ್ದಾಳೆ. ಅಂದರೆ ಹುಷಾರಾಗಿದ್ದಾಳೆ. ಅಕ್ಕ ಚಪ್ಪಲಿಗೆ ಬೇಜಾರಾಯಿತೇ ಎಂದು ಕೇಳಿದಳು. ಅದು ಹಳೆಯದು.

ಮಾರ್ಚ್ ೨೯

ಸಂಜೆ ಮೈದಾನಕ್ಕೆ ಹೋಗುತ್ತೇವೆ. ಅಕ್ಕ ಬೆಂಚಿನ ಮೇಲೆ ಕೂರುತ್ತಾಳೆ, ನಾನು ಇನ್ನೊಂದು ತುದಿಯಲ್ಲಿ. ಗುಡಾಣಿ ಓಡುತ್ತಾಳೆ.

ನಡೆಯುವಾಗ ಅವಳು ಕುಂಟುತ್ತಾಳೆ, ಓಡುವಾಗ ಕುಂಟುವುದಿಲ್ಲ. ಇದನ್ನು ನಾನು ಎಷ್ಟು ಸಲ ನೋಡಿದರೂ ತೃಪ್ತಿಯಾಗುವುದಿಲ್ಲ. ಹಿಂಗಾಲುಗಳನ್ನು ಸ್ವಲ್ಪ ಹತ್ತಿರ ತಂದುಕೊಂಡಿದ್ದಾಳೆ, ಬಾಲವನ್ನು ಬಲಕ್ಕೆ ಒಡ್ಡುತ್ತಾಳೆ, ತಿರುವಿನಲ್ಲಿ ಎಡಕ್ಕೆ ತಿರುಗಬೇಕಾದರೆ ಮೊದಲು ಬಲಕ್ಕೆ ಒಂದು ಸಣ್ಣ ಹೆಜ್ಜೆ ಇಡುತ್ತಾಳೆ. ಇದು ನಾಲ್ಕು ಕಾಲಿನ ಓಟದಲ್ಲಿ ಒಂದನ್ನು ಕಳೆದು ಉಳಿದ ಓಟವಲ್ಲ. ಬೇರೆಯೇ ಓಟ, ಪೂರ್ತಿ ಓಟ. ನಾಳೆಯಿಂದ ಯಾರಾದರೂ ಮೂರು ಕಾಲಿನ ಪ್ರಾಣಿಯನ್ನು ಹೊಸದಾಗಿ ಸೃಷ್ಟಿ ಮಾಡಿದರೆ ಅದು ಹೀಗೆಯೇ ಓಡಬೇಕು.

ಓಡಿ ಬಂದು ಅಕ್ಕನ ಮುಂದೆ ಬೀಳುತ್ತಾಳೆ. ನನ್ನ ತುದಿಗೆ ಬರುವುದಿಲ್ಲ. ಬರದಿದ್ದರೆ ಏನಂತೆ, ಇಲ್ಲಿಂದಲೇ ಚೆನ್ನಾಗಿ ಕಾಣುತ್ತದೆ.

ಏಪ್ರಿಲ್ ೧೮

ಹೊಸದಾಗಿ ಒಬ್ಬಳು ಬಂದಿದ್ದಳು, ಬೇಕರಿಯಲ್ಲಿ ಕೆಲಸ ಮಾಡುವವಳು. ಸಕ್ಕರೆ ಕಾಯಿಲೆಯಿಂದ ಪಾದ ಹೋಗಿದೆ. ಕಂಬಿಯ ನಡುವೆ ನಿಲ್ಲಿಸಿದೆ. ಕನ್ನಡಿ ಇರಲಿಲ್ಲ. ಹೋದ ವಾರ ಒರೆಸಲೆಂದು ತೆಗೆದು ಗೋಡೆಗೆ ತಿರುಗಿಸಿಟ್ಟಿದ್ದೆ, ಮತ್ತೆ ಹಾಕಲಿಲ್ಲ, ಜಾಗ ಇಕ್ಕಟ್ಟಾಗುತ್ತದೆ.

“ಯಾವಾಗ ಮೊದಲಿನ ಹಾಗೆ ಆಗ್ತೀನಿ?” ಎಂದಳು.

“ಮೊದಲಿನ ಹಾಗೆ ಆಗಲ್ಲಮ್ಮ. ಬೇರೆ ಥರ ಆಗ್ತೀಯ. ನಿನಗೆ ಎಲ್ಲಿಗೆ ಹೋಗಬೇಕು ಅಂತ ಹೇಳು, ಅಲ್ಲಿಗೆ ಹೋಗೋಕೆ ಏನು ಬೇಕೋ ಅದನ್ನ ಮಾಡ್ಕೊಡ್ತೀನಿ.”

ಒಲೆಯ ಮುಂದೆ ಹೊತ್ತುಗಟ್ಟಲೆ ನಿಲ್ಲಬೇಕಂತೆ. ಸರಿ, ನಿಲ್ಲುವ ಪಾದ ಮಾಡೋಣ. ಅಕ್ಕ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ನಡುವಿನ ಬಾಗಿಲು ಈಗ ತೆರೆದೇ ಇರುತ್ತದೆ, ಸೆಕೆ. ಪ್ಲಾಸ್ಟರಿನಲ್ಲಿ ಕೂದಲು ಇದ್ದದ್ದೇ.

“ಏನೋ, ವಯಸ್ಸಾಯ್ತಾ ನಿಂಗೆ?” ಎಂದಳು.

ನನಗೇನಾಗಿದೆ. ಬೆನ್ನು ನೋವು ಸ್ವಲ್ಪ, ಅದಕ್ಕೆ ಸಂಜೆ ಹೊತ್ತು ಕುರ್ಚಿ ಬಿಟ್ಟು ನೆಲದ ಮೇಲೆ ಕೂರುತ್ತಿದ್ದೇನೆ. ಅಡುಗೆಮನೆಯ ದಾರಿಯಲ್ಲಿ ತಂಪು. ಕೈಯನ್ನು ಸೋಪು ಹಾಕಿ ಮೂರು ಸಲ ತೊಳೆದಿದ್ದೆ. ಗುಡಾಣಿ ಮೇಜನ್ನು ಸುತ್ತಿಕೊಂಡೇ ಹೋದಳು.

ಮೇ ೨೫

ಕೊನೆಯ ಕೀಮೋ ಮುಗಿಯಿತು. ಡಾಕ್ಟರ್ ಗುಡಾಣಿಗೆ ಒಂದು ಚೀಸ್ ತುಂಡು ಕೊಟ್ಟಳು, ಅಕ್ಕನಿಗೆ ಕೈ ಕೊಟ್ಟಳು. ಇನ್ನು ಆಗಾಗ ಎದೆಯ ಚಿತ್ರ ತೆಗೆಸುತ್ತಿರಬೇಕು, ಅಷ್ಟೆ. ಬರೆಯಲು ಏನೂ ಇಲ್ಲದ ದಿನಗಳು ಬರಲಿ.

ಆಗಸ್ಟ್ ೨೨

ಬಂದಿದ್ದವು. ಬೇಕಾದಷ್ಟು ಬಂದಿದ್ದವು.

ಇವತ್ತು ಎದೆಯ ಚಿತ್ರ. ಡಾಕ್ಟರ್ ಪರದೆಯ ಮೇಲೆ ಹಾಕುವ ಮೊದಲೇ ಅವಳ ಮುಖ ನೋಡಿ ತಿಳಿಯಿತು. ಎರಡು ಚುಕ್ಕೆ. ಒಂದು ಮೇಲೆ, ಒಂದು ಹೃದಯದ ಹಿಂದೆ. ಬಟಾಣಿಗಿಂತ ಚಿಕ್ಕವು, ದುಂಡಗೆ, ಬೆಳ್ಳಗೆ. ಸುತ್ತಲೂ ಶ್ವಾಸಕೋಶ ಕಪ್ಪಗೆ, ಸ್ವಚ್ಛವಾಗಿ ಹರಡಿತ್ತು. ಅಲ್ಲಿಯೂ ಅವು ಮೂಳೆಯನ್ನೇ ಕಟ್ಟುತ್ತಿವೆಯಂತೆ. ಮೂಳೆ ಯಾರಿಗೂ ಬೇಡದ ಜಾಗದಲ್ಲಿ, ಗಾಳಿಯ ನಡುವೆ.

ನಾನು ಫೆಬ್ರವರಿಯಿಂದ ಕೇಳದೆ ಇಟ್ಟುಕೊಂಡದ್ದನ್ನು ಕೇಳಿದೆ. “ಅವತ್ತು ನಾನು ಮುರೀದೇ ಇದ್ದಿದ್ರೆ?”

ಅಕ್ಕ ನನ್ನ ಕಡೆ ತಿರುಗಲಿಲ್ಲ.

“ಗೊತ್ತಿಲ್ಲ ಸಾರ್,” ಎಂದಳು ಡಾಕ್ಟರ್. “ಇಂಥ ಗಡ್ಡೆಯಲ್ಲಿ ನೀವು ಮೊದಲನೇ ಸಲ ಕುಂಟೋದು ನೋಡೋ ಹೊತ್ತಿಗೇ ಸಾಮಾನ್ಯವಾಗಿ ಅಲ್ಲಿಗೆ ಹೋಗಿರತ್ತೆ. ಬಹುಶಃ ಹೋಗಿತ್ತು. ಆದ್ರೆ ನಿಮಗೆ ಸಮಾಧಾನ ಆಗಲಿ ಅಂತ ಖಂಡಿತ ಅಂತ ಹೇಳಲ್ಲ.”

ಅವಳಿಗೆ ನಾನು ಕೃತಜ್ಞ. ಖಂಡಿತ ಎಂದಿದ್ದರೆ ನಂಬುತ್ತಿರಲಿಲ್ಲ.

“ಈಗ ನೋವಿದ್ಯಾ ಅವಳಿಗೆ?” ಎಂದೆ.

“ಇಲ್ಲ. ಏನೂ ಗೊತ್ತಾಗ್ತಿಲ್ಲ ಅವಳಿಗೆ. ಉಸಿರಾಟ ಚೆನ್ನಾಗಿದೆ. ಕೆಲವು ವಾರ, ಕೆಲವು ತಿಂಗಳು, ಹೇಳೋಕಾಗಲ್ಲ. ಬೇರೆ ಔಷಧಿ ಪ್ರಯತ್ನ ಮಾಡಬಹುದು, ಆದ್ರೆ ಹೆಚ್ಚು ಆಸೆ ಇಟ್ಕೋಬೇಡಿ.”

ಅಕ್ಕ ನನ್ನನ್ನು ನೋಡಿದಳು. ಇಂಥ ಹೊತ್ತಿನಲ್ಲಿ ನಾನು ಏನಾದರೂ ಮಾಡೋಣ, ಕಟ್ಟೋಣ, ತುಂಬಿಸೋಣ ಎನ್ನುವವನು. “ಮನೆಗೆ ಹೋಗೋಣ ಅಕ್ಕ,” ಎಂದೆ. “ಮೈದಾನಕ್ಕೆ ಹೊತ್ತಾಯ್ತು.” ಅವಳು ತಲೆಯಾಡಿಸಿದಳು.

ನಡೆದುಕೊಂಡೇ ಹೊರಟೆವು. ಗುಡಾಣಿ ಅಕ್ಕನ ಆ ಕಡೆ, ನಾನು ಈ ಕಡೆ. ಸೇತುವೆ ದಾಟಿದ ಮೇಲೆ ರಸ್ತೆ ಏರುತ್ತದೆ. ಬಿಸಿಲಿತ್ತು. ಅರ್ಧ ಏರಿನಲ್ಲಿ, ಮುಚ್ಚಿದ ಅಂಗಡಿಯೊಂದರ ಮುಂದೆ, ಗುಡಾಣಿ ನಿಂತಳು. ಸುಮ್ಮನೆ ನಿಂತು ಸುತ್ತ ನೋಡಿದಳು. ಆಮೇಲೆ ಅಕ್ಕನ ಹಿಂದಿನಿಂದ ಸುತ್ತಿಕೊಂಡು ನನ್ನ ಬಲಗಡೆಗೆ ಬಂದಳು. ಖಾಲಿ ಭುಜವನ್ನು ನನ್ನ ಮೊಣಕಾಲಿಗೆ ಒತ್ತಿ, ಮೈಯ ಭಾರವನ್ನೆಲ್ಲ ನನ್ನ ಮೇಲೆ ಬಿಟ್ಟಳು.

ನನ್ನ ಮೊಣಕಾಲು ಸ್ವಲ್ಪ ಬಾಗಿತು. ನೇರ ಮಾಡಿಕೊಂಡೆ. ಕೈ ಕೆಳಗಿಳಿಸಲು ಧೈರ್ಯವಾಗಲಿಲ್ಲ, ಎಲ್ಲಿ ಸರಿದುಬಿಡುತ್ತಾಳೋ ಎಂದು.

“ಯಾಕೋ ನಿಂತೆ?” ಎಂದಳು ಮುಂದೆ ಹೋಗಿದ್ದ ಅಕ್ಕ. ತಿರುಗಿ ನೋಡಿದಳು. ವಾಪಸು ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

ಜನ ನಮ್ಮನ್ನು ಸುತ್ತಿಕೊಂಡು ಹೋಗುತ್ತಿದ್ದರು. ಆ ಎರಡು ಚುಕ್ಕೆಗಳಿರುವ ಎದೆ ನನ್ನ ಕಾಲಿಗೆ ಅಂಟಿಕೊಂಡು ಏರಿ ಇಳಿಯುತ್ತಿತ್ತು. ಬಟ್ಟೆಯ ಮೂಲಕ ಬಿಸಿ ತಾಗುತ್ತಿತ್ತು. ಇಷ್ಟು ಭಾರ ಇದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ. ಅವಳಾಗಿ ಹೊರಡುವವರೆಗೆ ನಾನು ಅಲ್ಲಾಡಲಿಲ್ಲ.